ಟಂಟಂ ತುಂಬೋ ತನಕ

ಫೈನಲ್ ಇಯರ್ ಪ್ರಾಜೆಕ್ಟ್‌ಗೆ ಫೋರ್ಟ್ರಾನ್ ತಗೊಂಡಿದ್ದೀವಿ ಅಂದಾಗ ಹಾಸ್ಟೆಲ್‌ನಲ್ಲಿ ಯಾರೂ ನಂಬಲಿಲ್ಲ. ಪಕ್ಕದ ರೂಮಿನವರದು ಮುಖ ಗುರುತಿಸಿ ಹಾಜರಿ ಹಾಕೋ ಪ್ರಾಜೆಕ್ಟು. ಎದುರು ರೂಮಿನವರದು ಟೊಮೆಟೊ ಎಲೆಯ ಫೋಟೋ ನೋಡಿ ರೋಗ ಹೇಳೋ ಆ್ಯಪು. ನಾವು ಮೂವರು ಮಾತ್ರ 1957ರಲ್ಲಿ ಜಾನ್ ಬ್ಯಾಕಸ್ ಮತ್ತು ಅವರ ತಂಡ ಐಬಿಎಂ 704 ಯಂತ್ರಕ್ಕಾಗಿ ಹೊರತಂದ ಭಾಷೆಯನ್ನು ಹಿಡ್ಕೊಂಡು ಕೂತಿದ್ವಿ. "ಅಜ್ಜನ ಕಾಲದ್ದು ಕಣ್ರೋ ಅದು, ಇಂಟರ್‌ವ್ಯೂನಲ್ಲಿ ಏನಂತ ಹೇಳ್ತೀರಾ?" ಅಂತ ಕೇಳದವರಿಲ್ಲ.

ನಿಜ ಹೇಳಬೇಕಂದ್ರೆ ನಮಗೂ ಫೋರ್ಟ್ರಾನ್ ಮೇಲೆ ಪ್ರೀತಿ ಏನೂ ಇರಲಿಲ್ಲ. ನಮ್ಮಲ್ಲಿ ಒಬ್ಬ ರಾಯಚೂರಿನವ, ಒಬ್ಬ ಹಾಸನದವ, ಒಬ್ಬಳು ಶಿರಸಿಯವಳು. ಹಾಸ್ಟೆಲ್‌ನಲ್ಲಿ ನಮ್ಮ ಹೆಸರೂ ಅವೇ. ಶಿರಸಿಯ ಪಕ್ಕದ ರೂಮಿನಲ್ಲಿ ಸಿವಿಲ್ ವಿಭಾಗದಲ್ಲಿ ಪಿಎಚ್‌ಡಿ ಮಾಡ್ತಿದ್ದ ಒಬ್ಬ ಅಕ್ಕ ಇದ್ದರು. ಮಲಪ್ರಭಾ ಕೊಳ್ಳದ ಅಂತರ್ಜಲದ ಮೇಲೆ ಅವರ ಕೆಲಸ. ಅವರ ಪ್ರೋಗ್ರಾಂ ಫೋರ್ಟ್ರಾನ್‌ನಲ್ಲಿತ್ತು, ಅವರಿಗಿಂತ ಹಿಂದಿನವರು ಬರೆದದ್ದು, ಅವರಿಗಿಂತ ಹಿಂದಿನವರಿಂದ ಬಂದದ್ದು. ಹವಾಮಾನ, ನೀರು, ಕಟ್ಟಡದ ಲೆಕ್ಕ, ಇಂಥ ಕಡೆ ಇವತ್ತಿಗೂ ಫೋರ್ಟ್ರಾನೇ ದುಡೀತಿದೆ ಅನ್ನೋದು ನಮಗೆ ಗೊತ್ತಾಗಿದ್ದೇ ಆಗ.

ಅಕ್ಕನ ದೂರು ಚಿಕ್ಕದು. ಮಳೆಯ ಮಾಹಿತಿಯನ್ನು ಒಂದು ರೂಪದಿಂದ ಇನ್ನೊಂದಕ್ಕೆ ಪರಿವರ್ತಿಸುವ ಒಂದು ಪ್ರೋಗ್ರಾಂ ಇತ್ತು. ಅದಕ್ಕೆ ಪ್ರತಿ ಸಲ 40 ನಿಮಿಷ ಬೇಕಿತ್ತು. ಲೆಕ್ಕ ಅಂತ ಅದರಲ್ಲಿ ಏನೂ ಇಲ್ಲ, ಬರೀ ಓದೋದು, ಬರೆಯೋದು. "ಯಾಕೆ ಇಷ್ಟು ಹೊತ್ತು ತಗೊಳತ್ತೆ ನೋಡ್ತೀರಾ?" ಅಂತ ಕೇಳಿದರು. ಅಲ್ಲಿಂದ ಶುರು.

ಮೊದಲು ವಿಷಯ ಸ್ವಲ್ಪ ಹೇಳಿಬಿಡ್ತೀವಿ. ಫೋರ್ಟ್ರಾನ್‌ನಲ್ಲಿ ರೈಟ್ ಅಂತ ಒಂದು ಸಾಲು ಬರೆದರೆ ಅದು ನೇರವಾಗಿ ಡಿಸ್ಕಿಗೆ ಹೋಗೋದಿಲ್ಲ. ನಡುವೆ ರನ್‌ಟೈಮ್ ಲೈಬ್ರರಿ ಅಂತ ಒಂದಿದೆ. ಜಿಸಿಸಿ ಜೊತೆ ಬರುವ ಜಿಫೋರ್ಟ್ರಾನ್ ಕಂಪೈಲರ್‌ಗೆ ಅದರ ಹೆಸರು ಲಿಬ್‌ಜಿಫೋರ್ಟ್ರಾನ್. ಅದನ್ನು ಬರೆದಿರುವುದು ಸಿ ಭಾಷೆಯಲ್ಲಿ. ನಮ್ಮ ಡೇಟಾವನ್ನು ಅದು ಮೊದಲು ಮೆಮೊರಿಯಲ್ಲಿ ಒಂದು ಬಫರ್‌ಗೆ ಹಾಕುತ್ತದೆ. ಬಫರ್ ತುಂಬಿದ ಮೇಲೆ ಒಟ್ಟಿಗೆ ಆಪರೇಟಿಂಗ್ ಸಿಸ್ಟಮ್‌ಗೆ ದಾಟಿಸುತ್ತದೆ. ಹೀಗೆ ದಾಟಿಸುವ ಒಂದೊಂದು ಸಿಸ್ಟಮ್ ಕಾಲ್‌ಗೂ ಖರ್ಚಿದೆ, ಅದಕ್ಕೇ ಈ ವ್ಯವಸ್ಥೆ.

ಇದನ್ನು ಓದಿ ಹೇಳಿದಾಗ ರಾಯಚೂರಿನವ ನಕ್ಕುಬಿಟ್ಟ. "ನಮ್ಮೂರ ಟಂಟಂ ಇದ್ದಂಗ ನೋಡ್ರಲೇ. ಹತ್ತು ಮಂದಿ ತುಂಬೋ ತನಕ ಡ್ರೈವರ್ ಗಾಡಿ ಬಿಡಂಗಿಲ್ಲ. ಒಬ್ಬೊಬ್ಬರನ್ನ ಕರ್ಕೊಂಡು ಹೋದ್ರ ಡೀಸೆಲ್ ಖರ್ಚರ ಹುಟ್ಟಬೇಕಲ್ಲ?" ಆ ದಿನದಿಂದ ನಮ್ಮ ನೋಟ್‌ಬುಕ್ಕಿನಲ್ಲೆಲ್ಲ ಬಫರ್ ಅಂದ್ರೆ ಟಂಟಂ.

ಅಕ್ಕನ ಲ್ಯಾಬ್ ಮೆಷಿನ್‌ನಲ್ಲಿ ಇದ್ದದ್ದು ಉಬುಂಟು 18.04, ಅದರ ಜೊತೆ ಬಂದ ಜಿಸಿಸಿ 7. ಅದರ ಸೋರ್ಸ್ ಕೋಡ್ ಇಳಿಸಿಕೊಂಡು ನೋಡಿದರೆ ಎಲ್ಲ ಫೈಲಿಗೂ ಬಫರ್ 8,192 ಬೈಟ್. ಅಕ್ಕನ ಒಂದೊಂದು ರೆಕಾರ್ಡ್ ಒಂದು ದಿನದ ಲೆಕ್ಕ: 50 ಅಡ್ಡ, 50 ಉದ್ದ, ಒಟ್ಟು 2,500 ಚೌಕ, ಒಂದೊಂದಕ್ಕೆ 8 ಬೈಟ್. ಅಂದರೆ 20,000 ಬೈಟ್. ಟಂಟಂಗಿಂತ ದೊಡ್ಡ ಪ್ರಯಾಣಿಕ!

ಸ್ಟ್ರೇಸ್ ಎಂಬ ಟೂಲ್ ಹಾಕಿ ಪ್ರೋಗ್ರಾಂ ಯಾವ್ಯಾವ ಸಿಸ್ಟಮ್ ಕಾಲ್ ಮಾಡ್ತಿದೆ ಅಂತ ನೋಡಿದ ರಾತ್ರಿ ನಮಗೆ ನಿದ್ದೆ ಬರಲಿಲ್ಲ. ಪರದೆ ತುಂಬಾ 4 ಬೈಟ್, 20,000 ಬೈಟ್, 4 ಬೈಟ್, 4 ಬೈಟ್. ಮತ್ತೆ ಅದೇ. ಏನಿದು ನಾಲ್ಕು ನಾಲ್ಕು ಬೈಟು ಅಂತ ಕೋಡ್ ಒಳಗೆ ಇಳಿದೆವು.

ಫೋರ್ಟ್ರಾನ್‌ನ ಅನ್‌ಫಾರ್ಮ್ಯಾಟೆಡ್ ಸೀಕ್ವೆನ್ಷಿಯಲ್ ಫೈಲಿನಲ್ಲಿ ಜಿಫೋರ್ಟ್ರಾನ್ ಪ್ರತಿ ರೆಕಾರ್ಡಿನ ತಲೆಗೂ ಬಾಲಕ್ಕೂ ಅದರ ಉದ್ದವನ್ನು 4 ಬೈಟಿನಲ್ಲಿ ಬರೆಯುತ್ತದೆ. ಆದರೆ ರೆಕಾರ್ಡ್ ಮುಗಿಯುವವರೆಗೆ ಉದ್ದ ಎಷ್ಟು ಅಂತ ಲೈಬ್ರರಿಗೆ ಗೊತ್ತಿಲ್ಲ. ಹಾಗಾಗಿ ಮೊದಲು ತಲೆಯಲ್ಲಿ ಸೊನ್ನೆ ಬರೆದಿಡುತ್ತದೆ, ಆಮೇಲೆ ಡೇಟಾ, ಆಮೇಲೆ ಬಾಲದಲ್ಲಿ ಉದ್ದ, ಕೊನೆಗೆ ಹಿಂದೆ ಹೋಗಿ ತಲೆಯ ಸೊನ್ನೆಯನ್ನು ತಿದ್ದುತ್ತದೆ. ಎಲ್ಲ ಬಫರ್ ಒಳಗೇ ಇದ್ದರೆ ಇದು ಮೆಮೊರಿಯಲ್ಲೇ ಮುಗಿದುಹೋಗುವ ಕೆಲಸ. ರೆಕಾರ್ಡು ಬಫರಿಗಿಂತ ದೊಡ್ಡದಾದರೆ ತಲೆ ಆಗಲೇ ಹೊರಟುಹೋಗಿರುತ್ತದೆ. ಒಂದು ರೆಕಾರ್ಡಿಗೆ ನಾಲ್ಕು ಸಲ ಬರೆಯಬೇಕು, ಅದರಲ್ಲಿ ಮೂರು ಸಲ ಬರೀ 4 ಬೈಟು.

ಮಾಮೂಲಿ ಡಿಸ್ಕ್ ಆಗಿದ್ದರೆ ಇದು ಅಷ್ಟು ಕಾಡುತ್ತಿರಲಿಲ್ಲ. ಆದರೆ ಅಕ್ಕನ ಫೈಲುಗಳು ಇದ್ದದ್ದು ಇನ್ನೊಂದು ಬ್ಲಾಕಿನ ಸರ್ವರಿನಲ್ಲಿ, ಎನ್‌ಎಫ್‌ಎಸ್ ಮೂಲಕ, ಅದೂ ಸಿಂಕ್ ಆಯ್ಕೆ ಹಾಕಿ. ಅಂದರೆ ಬರೆದ ಪ್ರತಿ ತುಂಡೂ ಸರ್ವರಿಗೆ ತಲುಪಿತು ಅಂತ ಉತ್ತರ ಬರುವ ತನಕ ಪ್ರೋಗ್ರಾಂ ಕಾಯಬೇಕು. 4 ಬೈಟಿಗೂ ಅಷ್ಟೇ ಕಾಯಬೇಕು. 1981ರಿಂದ 2010ರವರೆಗೆ 30 ವರ್ಷಕ್ಕೆ 10,957 ದಿನ. ದಿನಕ್ಕೆ ನಾಲ್ಕು ಅಂದ್ರೆ ಸುಮಾರು 44 ಸಾವಿರ ಸಲ ಹೋಗಿ ಬರೋದು.

ಬಫರನ್ನು 128 ಕಿಲೋಬೈಟ್ ಮಾಡಿ ಲೈಬ್ರರಿಯನ್ನು ಮತ್ತೆ ಬಿಲ್ಡ್ ಮಾಡಿದೆವು. ಹಾಸನದವನ ಲ್ಯಾಪ್‌ಟಾಪ್ ಆ ರಾತ್ರಿ ಇಸ್ತ್ರಿ ಪೆಟ್ಟಿಗೆ ಆಗಿತ್ತು. ಈಗ ಆರು ರೆಕಾರ್ಡು ಒಟ್ಟಿಗೆ ಟಂಟಂ ಹತ್ತಿದವು. ಅಕ್ಕನ ಅನುಮತಿ ಕೇಳಿ ಅವರ ಲಾಗಿನ್‌ನಲ್ಲಿ ಲೈಬ್ರರಿ ಹುಡುಕುವ ದಾರಿಗೆ ನಮ್ಮ ಫೋಲ್ಡರ್ ಸೇರಿಸಿದೆವು. 40 ನಿಮಿಷದ ಕೆಲಸ 6 ನಿಮಿಷಕ್ಕೆ ಮುಗೀತು. ಅಕ್ಕ ಕ್ಯಾಂಟೀನಿನಲ್ಲಿ ಮೂವರಿಗೂ ಮಸಾಲೆ ದೋಸೆ ಕೊಡಿಸಿದರು. ಕಥೆ ಅಲ್ಲಿಗೆ ಮುಗಿದಿದ್ದರೆ ಈ ಬರಹ ಬರೀತಾ ಇರಲಿಲ್ಲ.

ರಿಪೋರ್ಟಿಗೆ ಒಂದು ಗ್ರಾಫ್ ಬೇಕಿತ್ತು. ಬಫರ್ ದೊಡ್ಡದಾದ ಹಾಗೆ ಸಮಯ ಇಳಿಯುವ ಗ್ರಾಫ್. ಆರು ನಿಮಿಷಕ್ಕೆ ನಿಲ್ಲಿಸಲು ಮನಸ್ಸಾಗಲಿಲ್ಲ. 1 ಮೆಗಾಬೈಟ್, 8, 16, ಕೊನೆಗೆ 64 ಮೆಗಾಬೈಟ್ ತನಕ ಹೋದೆವು. 64ಕ್ಕೆ 5 ನಿಮಿಷ. ಗ್ರಾಫ್ ಚೆನ್ನಾಗಿ ಬಂತು. ಎಲ್ಲ ಅಳತೆಯನ್ನೂ ಅಕ್ಕನ ಮೆಷಿನ್‌ನಲ್ಲೇ, ಅದೇ ಫೋಲ್ಡರಿನ ಫೈಲ್ ಬದಲಾಯಿಸಿ ಬದಲಾಯಿಸಿ ಮಾಡಿದ್ದೆವು. ಮುಗಿದ ಮೇಲೆ 128 ಕಿಲೋಬೈಟಿನದನ್ನು ವಾಪಸ್ ಇಡಬೇಕಿತ್ತು. ಇಡಲಿಲ್ಲ. ಮರೆತೆವು ಅಂತ ಹೇಳಬಹುದು. ಆದರೆ "ಇರ್ಲಿ ಬಿಡು, ಇದು ಇನ್ನೂ ಫಾಸ್ಟ್ ಅಲ್ವಾ" ಅಂತ ನಮ್ಮಲ್ಲೊಬ್ಬರು ಅಂದದ್ದೂ, ಉಳಿದಿಬ್ಬರು ಸುಮ್ಮನಿದ್ದದ್ದೂ ನೆನಪಿದೆ. ಅಕ್ಕನಿಗೆ ಹೇಳಬೇಕು ಅಂತ ಯಾರಿಗೂ ಹೊಳೆಯಲಿಲ್ಲ.

ಆ ದಾರಿಯಲ್ಲಿ ಪರಿವರ್ತನೆಯ ಪ್ರೋಗ್ರಾಂ ಒಂದೇ ಅಲ್ಲ, ಅಕ್ಕನ ಮುಖ್ಯ ಪ್ರೋಗ್ರಾಂ ಕೂಡ ಓಡುತ್ತಿತ್ತು. ಅದು ಮೂರು ದಿನದ ರನ್. ಒಂದು ದಿನದ ಅಂತರ್ಜಲದ ಲೆಕ್ಕಕ್ಕೆ ಸುಮಾರು 24 ಸೆಕೆಂಡ್, ಆಮೇಲೆ ಒಂದು ರೆಕಾರ್ಡ್. ಇಲ್ಲಿ ಬರೆಯುವ ಸಮಯ ಅನ್ನೋದು ಲೆಕ್ಕಕ್ಕೇ ಇಲ್ಲ. 24 ಸೆಕೆಂಡಿನ ಪಕ್ಕದಲ್ಲಿ ಕೆಲವು ಮಿಲಿಸೆಕೆಂಡ್ ಉಳಿಸಿ ಏನು ಮಾಡೋದು? ಈ ಪ್ರೋಗ್ರಾಂಗೆ ನಮ್ಮ ಸುಧಾರಣೆಯಿಂದ ಹೇಳಿಕೊಳ್ಳುವ ಲಾಭವೇ ಇರಲಿಲ್ಲ. ನಷ್ಟ ಎಷ್ಟು ಅನ್ನೋದನ್ನು ನಾವು ಯೋಚಿಸಿರಲಿಲ್ಲ. 64 ಮೆಗಾಬೈಟ್ ಅಂದರೆ 3,354 ರೆಕಾರ್ಡು. ದಿನಕ್ಕೆ 24 ಸೆಕೆಂಡಿನಂತೆ ಟಂಟಂ ತುಂಬಲು 22 ಗಂಟೆ.

ಗುರುವಾರ ಸಂಜೆ ಆರಕ್ಕೆ ಅಕ್ಕ ರನ್ ಶುರು ಮಾಡಿದ್ದರು. ಸೋಮವಾರ ಬೆಳಗ್ಗೆ ಹತ್ತಕ್ಕೆ ಅವರ ಡಾಕ್ಟೋರಲ್ ಕಮಿಟಿಯ ಮುಂದೆ ಸೆಮಿನಾರ್. ಶನಿವಾರ ರಾತ್ರಿ ಮೆಸ್‌ನಲ್ಲಿ ಸಿಕ್ಕಾಗ ಕೇಳಿದರು: "ಅಲ್ಲ ಕಣ್ರೋ, ಮಧ್ಯಾಹ್ನದಿಂದ ಫೈಲ್ ಸೈಜ್ ಬೆಳೀತಾನೇ ಇಲ್ವಲ್ಲ?"

ಅನ್ನಕ್ಕೆ ಸಾರು ಹಾಕ್ಕೊಳ್ತಾ ನಾವು ಹೇಳಿದ ಉತ್ತರ: "ಕ್ಯಾಶ್‌ನಲ್ಲಿರುತ್ತೆ ಅಕ್ಕ, ಆಮೇಲೆ ಬರುತ್ತೆ ಬಿಡಿ."

ಭಾನುವಾರ ಬೆಳಗ್ಗೆ 11ಕ್ಕೆ ಕರೆಂಟು ಹೋಯಿತು. ಲ್ಯಾಬಿನ ಯುಪಿಎಸ್ ಅರ್ಧ ಗಂಟೆಯೂ ತಡೀಲಿಲ್ಲ. ರನ್ 65 ಗಂಟೆ ಓಡಿತ್ತು, ಲೆಕ್ಕ 2008ರ ಜನವರಿಗೆ ಬಂದಿತ್ತು. ಅಕ್ಕ ಹೆದರಲಿಲ್ಲ. ಅವರ ಪ್ರೋಗ್ರಾಂ ನಿಂತಲ್ಲಿಂದ ಮತ್ತೆ ಶುರುವಾಗುತ್ತದೆ. ಲ್ಯಾಬಿನ ಹಳೇ ನೋಟ್‌ಬುಕ್ಕಿನಲ್ಲಿ ಯಾರೋ ಹಿಂದಿನವರು ಬರೆದಿಟ್ಟ ಸೂತ್ರವೂ ಇತ್ತು: ಕೊನೆಯ ರೆಕಾರ್ಡ್ ಯಾವಾಗಲೂ ಕೆಟ್ಟಿರುತ್ತದೆ, ಅದನ್ನು ಬಿಟ್ಟು ಅದರ ಹಿಂದಿನದರಿಂದ ಶುರು ಮಾಡಿ. ಯಾಕೆ ಅಂತ ಯಾರಿಗೂ ಗೊತ್ತಿರಲಿಲ್ಲ. ಎಲ್ಲರೂ ಪಾಲಿಸುತ್ತಿದ್ದರು.

ಎರಡು ಗಂಟೆಗೆ ಕರೆಂಟ್ ಬಂತು. ಅಕ್ಕ ಫೋನ್ ಮಾಡಿದರು. ಧ್ವನಿ ಬೇರೆಯಾಗಿತ್ತು. ಫೈಲಿನಲ್ಲಿ 1999ರ ಮೇ ತನಕ ಮಾತ್ರ ಇದೆ. ಎಂಟೂವರೆ ವರ್ಷ ಇಲ್ಲ.

ನಾವು ಓಡಿದೆವು. ಶಿರಸಿಯವಳು ಫೈಲ್ ಸೈಜ್ ನೋಡಿದಳು, ಫೋನಿನಲ್ಲಿ 20,008ರಿಂದ ಭಾಗಿಸಿದಳು. 6,710 ರೆಕಾರ್ಡ್. ಎರಡು ಸಲ 3,355. ಆಕೆ ನಮ್ಮ ಮುಖ ನೋಡಿದಳು, ನಾವು ಆಕೆಯ ಮುಖ ನೋಡಿದೆವು. 64 ಮೆಗಾಬೈಟಿನ ಟಂಟಂ ಎರಡು ಸಲ ಹೊರಟಿತ್ತು. ಮೂರನೇ ಸಲ ಹೊರಡಲು ಇನ್ನೊಂದು ಗಂಟೆ ಇತ್ತು. ಒಳಗೆ 21 ಗಂಟೆಯ ಪ್ರಯಾಣಿಕರು ಕೂತಿದ್ದರು.

ಅಕ್ಕ ಯುಪಿಎಸ್‌ಗೆ ಬೈಯುತ್ತಿದ್ದರು. ನಾವು ಏನು ಮಾಡಿದೆವು ಗೊತ್ತಾ? "ಲೈಬ್ರರಿ ಪಾತ್ ಒಂದ್ಸಲ ಚೆಕ್ ಮಾಡ್ತೀವಿ ಅಕ್ಕ" ಅಂತ ಕೂತು 128 ಕಿಲೋಬೈಟಿನ ಲೈಬ್ರರಿಯನ್ನು ಸದ್ದಿಲ್ಲದೆ ವಾಪಸ್ ಇಟ್ಟೆವು. ರನ್ ಮತ್ತೆ ಶುರುವಾಯಿತು. ಅಕ್ಕ ನಮಗೆ ಥ್ಯಾಂಕ್ಸ್ ಹೇಳಿದರು.

ಆ ಥ್ಯಾಂಕ್ಸ್ ಹೊತ್ಕೊಂಡು ಹಾಸ್ಟೆಲ್‌ಗೆ ಬಂದೆವು. ಹಾಸನದವ ಲೆಕ್ಕ ಹಾಕಿದ. ಹಳೇ ಲೈಬ್ರರಿಯೇ ಇದ್ದಿದ್ದರೆ ಒಂದೆರಡು ರೆಕಾರ್ಡ್ ಮಾತ್ರ ಹೋಗುತ್ತಿತ್ತು. ಎರಡು ಗಂಟೆಗೆ ಶುರುವಾದ ರನ್ ರಾತ್ರಿ ಒಂಬತ್ತಕ್ಕೆ ಮುಗಿದು, ಬೆಳಗ್ಗೆಯ ಸೆಮಿನಾರಿಗೆ ಎಲ್ಲ ಗ್ರಾಫೂ ರೆಡಿ ಇರುತ್ತಿತ್ತು. ಈಗ ಮುಗಿಯುವುದು ಸೋಮವಾರ ಸಂಜೆ ಆರಕ್ಕೆ.

ಹೇಳೋಣ್ವಾ ಬೇಡ್ವಾ ಅಂತ ರಾತ್ರಿಯೆಲ್ಲ ಜಗಳ. ಫೋನಿನಲ್ಲೇ. "ಸೆಮಿನಾರ್ ಮುಗೀಲಿ, ಈಗ ಹೇಳಿದ್ರೆ ಅವರಿಗೆ ಇನ್ನೂ ಟೆನ್ಶನ್" ಅನ್ನೋದು ಒಂದು ವಾದ. ಅದರಲ್ಲಿ ಸ್ವಲ್ಪ ನಿಜ ಇತ್ತು, ಜಾಸ್ತಿ ಹೆದರಿಕೆ ಇತ್ತು. ಪ್ರಾಜೆಕ್ಟಿನ ಮಾರ್ಕ್ಸ್ ಇನ್ನೂ ಬಂದಿರಲಿಲ್ಲ. ರಿಪೋರ್ಟಿನಲ್ಲಿ 'ನೈಜ ಬಳಕೆದಾರರ ಅನುಭವ' ಅಂತ ಒಂದು ಅಧ್ಯಾಯ ಇತ್ತು. ಆ ನೈಜ ಬಳಕೆದಾರರು ಅಕ್ಕನೇ.

ಸೋಮವಾರ ಅಕ್ಕ 22 ವರ್ಷದ ಗ್ರಾಫ್ ಇಟ್ಟುಕೊಂಡು ಸೆಮಿನಾರ್ ಕೊಟ್ಟರು. ಕಮಿಟಿಯವರು ಕೇಳಿದ ಮೊದಲ ಪ್ರಶ್ನೆ, 2009ರ ನೆರೆ ಎಲ್ಲಿ? ಆ ವರ್ಷ ಉತ್ತರ ಕರ್ನಾಟಕ ಕಂಡ ನೆರೆ ಮಲಪ್ರಭೆಯ ಮೇಲೆ ಕೆಲಸ ಮಾಡುವ ಯಾರೂ ಬಿಟ್ಟುಬಿಡುವ ವಿಷಯ ಅಲ್ಲ. ಅಕ್ಕನ ಹತ್ತಿರ ಉತ್ತರ ಇತ್ತು, ಗ್ರಾಫ್ ಇರಲಿಲ್ಲ. "ಪವರ್ ಹೋಯ್ತು ಸರ್" ಅಂದರಂತೆ. ಪೂರ್ತಿ ಫಲಿತಾಂಶ ತಗೊಂಡು ಮತ್ತೆ ಬನ್ನಿ ಅಂದರಂತೆ.

ಸಂಜೆ ಮೂವರೂ ಹೋಗಿ ಹೇಳಿದೆವು. ಯಾರು ಶುರು ಮಾಡಿದ್ದು, ಯಾರು ಮುಗಿಸಿದ್ದು ಅಂತ ಇಲ್ಲಿ ಬರೆಯೋದಿಲ್ಲ, ಹೇಳಿದ್ದು ನಾವು. 64 ಮೆಗಾಬೈಟ್, ಬದಲಾಯಿಸಿದ ಲೈಬ್ರರಿ, ಶನಿವಾರ ರಾತ್ರಿಯ 'ಕ್ಯಾಶ್' ಉತ್ತರ, ಎಲ್ಲ.

ಅಕ್ಕ ತುಂಬಾ ಹೊತ್ತು ಮಾತಾಡಲಿಲ್ಲ. ಆಮೇಲೆ ಕೇಳಿದರು, "ಒಂದು ನಿಮಿಷಕ್ಕೋಸ್ಕರನಾ?"

"ಹೌದಕ್ಕ."

"ನಾನು ಕೇಳಿದ್ನಲ್ಲ, ಫೈಲ್ ಬೆಳೀತಿಲ್ಲ ಅಂತ. ಗೊತ್ತಿಲ್ಲ, ನೋಡ್ತೀವಿ ಅಂತ ಒಂದು ಮಾತು ಹೇಳಿದ್ರೆ ಸಾಕಿತ್ತು."

ಇದಕ್ಕೆ ನಮ್ಮ ಹತ್ತಿರ ಉತ್ತರ ಇರಲಿಲ್ಲ. ಈಗಲೂ ಇಲ್ಲ. ಬೈದಿದ್ದರೆ ಚೆನ್ನಾಗಿತ್ತು ಅನ್ನಿಸ್ತು. ನಾಲ್ಕು ದಿನ ಮೆಸ್‌ನಲ್ಲಿ ಅವರು ನಮ್ಮ ಟೇಬಲ್ಲಿಗೆ ಬರಲಿಲ್ಲ.

ಆ ನಾಲ್ಕು ದಿನ ನಾವು ಕೂತು, ಮೊದಲೇ ಮಾಡಬೇಕಿದ್ದ ಕೆಲಸ ಮಾಡಿದೆವು. ಹಳೇ ನೋಟ್‌ಬುಕ್ಕಿನ ಸೂತ್ರದ ಗುಟ್ಟು ಗೊತ್ತಾಯಿತು. 8,192 ಬೈಟಿನ ಬಫರ್ ಇದ್ದಾಗ ಡೇಟಾ, ಬಾಲ ಎರಡೂ ಕೂಡಲೇ ಹೊರಡುತ್ತಿದ್ದವು. ತಿದ್ದಿದ ತಲೆಯ 4 ಬೈಟ್ ಮಾತ್ರ ಮುಂದಿನ ರೆಕಾರ್ಡ್ ಶುರುವಾಗುವ ತನಕ ಬಫರ್‌ನಲ್ಲೇ ಕೂತಿರುತ್ತಿತ್ತು. ನಡುವೆ ಕರೆಂಟ್ ಹೋದರೆ ಕೊನೆಯ ರೆಕಾರ್ಡಿನ ತಲೆಯಲ್ಲಿ ಇನ್ನೂ ಸೊನ್ನೆ. 20,000 ಬೈಟ್ ಸರಿಯಾಗೇ ಇದ್ದರೂ ಓದಲು ಬರುವುದಿಲ್ಲ. ಯಾರೋ ಪುಣ್ಯಾತ್ಮರು ಕಾರಣ ಗೊತ್ತಿಲ್ಲದಿದ್ದರೂ ಕಂಡದ್ದನ್ನು ಬರೆದಿಟ್ಟಿದ್ದರು. ನಿಧಾನ ಅಂತ ನಾವು ಬೈದ ಹಳೇ ಲೈಬ್ರರಿ ಪ್ರತಿ 24 ಸೆಕೆಂಡಿಗೆ ಅಕ್ಕನ ಕೆಲಸವನ್ನು ಸುರಕ್ಷಿತ ಜಾಗಕ್ಕೆ ಮುಟ್ಟಿಸುತ್ತಿತ್ತು.

ನಮ್ಮ ಗೈಡ್ ಮೇಡಂ ಇನ್ನೊಂದು ವಿಷಯ ತೋರಿಸಿದರು. 2020ರಲ್ಲಿ ಬಂದ ಜಿಸಿಸಿ 10ರಲ್ಲೇ ಅನ್‌ಫಾರ್ಮ್ಯಾಟೆಡ್ ಫೈಲಿನ ಬಫರ್ 1,31,072 ಬೈಟ್ ಆಗಿದೆ, ಅಂದರೆ ಅದೇ 128 ಕಿಲೋಬೈಟ್. ಅಕ್ಷರ ರೂಪದ ಫೈಲಿಗೆ ಹಳೇ 8,192 ಹಾಗೇ ಇದೆ. ಬೇರೆ ಬೇಕಿದ್ದವರು ಎನ್ವಿರಾನ್‌ಮೆಂಟ್ ವೇರಿಯಬಲ್ ಮೂಲಕ ತಮ್ಮ ರನ್‌ಗೆ ಬೇಕಾದಷ್ಟು ಇಟ್ಟುಕೊಳ್ಳಬಹುದು. "ಹೊಸ ಕಂಪೈಲರ್ ಹಾಕಿದ್ರೆ ನಿಮ್ಮ ಪ್ರಾಜೆಕ್ಟ್ ಅರ್ಧ ಮುಗೀತಿತ್ತು" ಅಂತ ಮೇಡಂ ನಕ್ಕರು. ಅದಕ್ಕಿಂತ ನಮಗೆ ತಾಗಿದ್ದು ಬೇರೆ. ಅಲ್ಲಿ ಎಷ್ಟು ಅಂತ ತೀರ್ಮಾನಿಸುವ ಹಕ್ಕು ಓಡಿಸುವವರ ಕೈಯಲ್ಲಿದೆ. ನಾವು ಅದನ್ನು ಅಕ್ಕನ ಕೈಯಿಂದ ಕಿತ್ಕೊಂಡಿದ್ದೆವು.

ಕೊನೆಗೆ ಮಾಡಿದ ಸುಧಾರಣೆ ಒಂದೇ ಸಾಲಿನದು. ಬಫರ್ 128 ಕಿಲೋಬೈಟೇ ಇರಲಿ, ಒಂದು ಪೂರ್ತಿ ರೆಕಾರ್ಡು ಆರಾಮಾಗಿ ಕೂರುತ್ತದೆ. ಅಕ್ಕನ ಪ್ರೋಗ್ರಾಂನಲ್ಲಿ ದಿನದ ರೆಕಾರ್ಡ್ ಬರೆದ ಕೂಡಲೇ ಫ್ಲಶ್ ಅಂತ ಒಂದು ಸಾಲು. ಫೋರ್ಟ್ರಾನ್ 2003ರಿಂದ ಅದು ಭಾಷೆಯಲ್ಲೇ ಇದೆ. ತಲೆ, ಡೇಟಾ, ಬಾಲ, ತಲೆಯ ತಿದ್ದುಪಡಿ ಎಲ್ಲ ಮೆಮೊರಿಯಲ್ಲೇ ಮುಗಿದು 20,008 ಬೈಟ್ ಒಂದೇ ಸಲಕ್ಕೆ ಹೊರಡುತ್ತದೆ. ನಾಲ್ಕು ಪ್ರಯಾಣದ ಬದಲು ಒಂದು, ಹೋದದ್ದು ಪೂರ್ತಿ ರೆಕಾರ್ಡು. ಒಂದು ಎಚ್ಚರಿಕೆ: ಫ್ಲಶ್ ಡೇಟಾವನ್ನು ಆಪರೇಟಿಂಗ್ ಸಿಸ್ಟಮ್‌ಗೆ ದಾಟಿಸುತ್ತದೆ ಅಷ್ಟೇ, ಡಿಸ್ಕಿಗೆ ಮುಟ್ಟಿತು ಅಂತ ಖಾತ್ರಿ ಕೊಡುವುದಿಲ್ಲ. ಅಕ್ಕನ ಮೆಷಿನ್‌ನಲ್ಲಿ ಸಿಂಕ್ ಆಯ್ಕೆ ಉಳಿದದ್ದನ್ನು ನೋಡಿಕೊಳ್ಳುತ್ತದೆ. ನಿಮ್ಮ ಮೆಷಿನ್‌ನಲ್ಲಿ ಆ ಖಾತ್ರಿ ಬೇಕಿದ್ದರೆ ಎಫ್‌ಸಿಂಕ್ ಕರೆಯಬೇಕು.

ರಾಯಚೂರಿನವ ಹೇಳಿದ್ದು, "ಮನೀ ಮಂದಿ ಎಲ್ಲಾ ಹತ್ತಿದ್ರಲ್ಲ, ಇನ್ನ ಗಾಡಿ ಬಿಡಪಾ ಅಂದಂಗ."

ರಿಪೋರ್ಟಿನಲ್ಲಿ ಆ 64 ಮೆಗಾಬೈಟಿನ ಗ್ರಾಫ್ ಇದೆ. ಪಕ್ಕದಲ್ಲಿ ಇನ್ನೊಂದು ಗ್ರಾಫೂ ಇದೆ: ಬಫರ್ ದೊಡ್ಡದಾದ ಹಾಗೆ ಕರೆಂಟ್ ಹೋದರೆ ಎಷ್ಟು ಗಂಟೆಯ ಕೆಲಸ ಕಳೆದುಹೋಗುತ್ತದೆ ಅನ್ನೋದು. 'ನೈಜ ಬಳಕೆದಾರರ ಅನುಭವ' ಅಧ್ಯಾಯದಲ್ಲಿ ನಡೆದದ್ದನ್ನು ನಡೆದಂತೆ ಬರೆದೆವು. ಅಕ್ಕ ಓದಿ ಒಂದು ತಾರೀಖು ತಿದ್ದಿದರು.

ಐದನೇ ದಿನ ಅವರೇ ಶಿರಸಿಯವಳ ರೂಮಿನ ಬಾಗಿಲು ತಟ್ಟಿ, "ಹೊಸ ರನ್ ಹಾಕ್ಬೇಕು, ಆ ಫ್ಲಶ್ ಸಾಲು ಎಲ್ಲಿ ಹಾಕ್ಬೇಕು ತೋರ್ಸು" ಅಂದರು. ಈ ಸಲ ಏನು ಬದಲಾಯಿಸಿದರೂ ಲ್ಯಾಬಿನ ನೋಟ್‌ಬುಕ್ಕಿನಲ್ಲಿ ತಾರೀಖು ಹಾಕಿ ಬರೆದೆವು. ಹಳೇ ಸೂತ್ರದ ಕೆಳಗೆ ಅದರ ಕಾರಣವನ್ನೂ ಬರೆದೆವು. ರನ್ ಪೂರ್ತಿ ಮುಗಿದಾಗ ಫೈಲ್ ಎಷ್ಟಿರಬೇಕು ಅಂತ ಒಂದು ಚೀಟಿಯಲ್ಲಿ ಬರೆದು ಮಾನಿಟರಿಗೆ ಅಂಟಿಸಿದೆವು.

ಮೂರು ದಿನ ಬಿಟ್ಟು ಸಂಜೆ ಅಕ್ಕನ ಫೋನ್. ಹಲೋ ಕೂಡ ಅನ್ನಲಿಲ್ಲ. ಒಂದೊಂದೇ ಅಂಕಿ ಓದಿದರು: ಎರಡು, ಒಂದು, ಒಂಬತ್ತು, ಎರಡು, ಎರಡು, ಏಳು, ಆರು, ಐದು, ಆರು.

21,92,27,656. ಚೀಟಿಯಲ್ಲಿ ಇದ್ದದ್ದೂ ಅದೇ.